ಪರದೇಶದ ಕೌಂಟರಿನಲ್ಲಿ ‘ಹೋಗಿ ಬರ್ತೇನಿ’ ಅನ್ನಬೇಡಿ

ಮೂಡಲಗಿಯಲ್ಲಿ ನನ್ನದೊಂದು ಫ್ರಿಜ್ ರಿಪೇರಿ ಅಂಗಡಿ ಇದೆ. ಅದಕ್ಕೂ ಮೊದಲು ಹನ್ನೊಂದು ವರ್ಷ ಕೊಲ್ಲಿಯ ಒಂದು ದೇಶದಲ್ಲಿ ಎ.ಸಿ. ಮೆಕ್ಯಾನಿಕ್ ಆಗಿ ದುಡಿದೆ. ಹೀಗಾಗಿ ಅಂಗಡಿಗೆ ಎರಡು ನಮೂನೆಯ ಜನ ಬರುತ್ತಾರೆ. ಫ್ರಿಜ್ ಕೆಟ್ಟವರು ಬರುತ್ತಾರೆ, ಪರದೇಶಕ್ಕೆ ಹೊರಟವರು ಬರುತ್ತಾರೆ. ಮೊದಲಿನವರ ಜೊತೆ ನನ್ನದೇನೂ ತಕರಾರಿಲ್ಲ. ಗ್ಯಾಸ್ ಸೋರಿದ್ದರೆ ಸೋರಿದೆ, ಕಂಪ್ರೆಸರ್ ಸುಟ್ಟಿದ್ದರೆ ಸುಟ್ಟಿದೆ, ಹೇಳಿ ಕಳಿಸುತ್ತೇನೆ. ಎರಡನೆಯವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಸಿಟ್ಟು ಅವರ ಮೇಲಲ್ಲ. ಆದರೆ ಎದುರಿಗೆ ಕೂತವರು ಅವರೇ ಆದ್ದರಿಂದ ಅವರ ಮೇಲೆಯೇ ಹೋಗುತ್ತದೆ.

ಕಳೆದ ತಿಂಗಳು ಕೌಜಲಗಿಯ ಒಬ್ಬ ವೆಲ್ಡರ್ ಬಂದಿದ್ದ. ಮೂವತ್ತರ ಆಸುಪಾಸಿನ ಗಂಡಸು. ಕೈಯಲ್ಲಿ ಒಳ್ಳೆಯ ಕಸುಬಿದೆ, ಹೊರಡುವ ಹುರುಪು ಮುಖದಲ್ಲೇ ಕಾಣುತ್ತಿತ್ತು.

“ಕಾಕಾ, ಮುಂದಿನ ತಿಂಗಳ ಹೊಂಟೇನ್ರಿ. ಅಲ್ಲೆ ಹೆಂಗ ಇರಬೇಕು, ಏನ ಮಾಡಬೇಕು, ಏನ ಮಾಡಬಾರದು, ಸ್ವಲ್ಪ ಹೇಳ್ರಿ” ಎಂದ.

“ಮೊಬೈಲಿನ್ಯಾಗ ನೋಡಿಲ್ಲೇನು?”

“ನೋಡೇನ್ರಿ. ಒಬ್ಬಾಕಿ ಭಾಳ ಛಂದ ಹೇಳ್ಯಾಳ.”

ಅವನು ಆ ವಿಡಿಯೋ ನನಗೂ ತೋರಿಸಿದ. ನಗುಮುಖದ ಹೆಣ್ಣುಮಗಳೊಬ್ಬಳು ಪರದೇಶದಲ್ಲಿ ಸುಖವಾಗಿ ಬಾಳುವ ಬಗೆ ಹೇಳುತ್ತಿದ್ದಳು. ನೆರೆಹೊರೆಯವರ ಪರಿಚಯ ಮಾಡಿಕೊಳ್ಳಿ. ಸಂಜೆ ಉದ್ಯಾನದಲ್ಲಿ ಅಡ್ಡಾಡಿ. ಅಲ್ಲಿನ ಅಡುಗೆ ಕಲಿಯಿರಿ. ಒಂದು ಹವ್ಯಾಸ ಇಟ್ಟುಕೊಳ್ಳಿ. ನಾನು ಜೋರಾಗಿ ನಕ್ಕುಬಿಟ್ಟೆ. ನಾನಿದ್ದ ಕೋಣೆಯಲ್ಲಿ ನೆರೆಹೊರೆ ಎಂದರೆ ನನ್ನ ಮಂಚದ ಮೇಲಿನ ಮಂಚದಲ್ಲಿ ಮಲಗುವವನು. ಅವನ ಪಾಳಿ ಬೇರೆ, ನನ್ನ ಪಾಳಿ ಬೇರೆ. ಎರಡು ವರ್ಷ ನಾನು ಅವನ ಅಂಗಾಲುಗಳನ್ನು ನೋಡಿದ್ದೇನೆ, ಮುಖವನ್ನು ಹತ್ತು ಸಲ ನೋಡಿದ್ದರೆ ಹೆಚ್ಚು. ಉದ್ಯಾನವೇನೋ ಇತ್ತು. ಅದರ ಎದುರಿನ ಕಟ್ಟಡದ ಗೋಡೆಗೆ ಜೋತುಬಿದ್ದು ಎ.ಸಿ. ಕೂಡಿಸುವಾಗ ಮೇಲಿನಿಂದ ಹಸಿರಾಗಿ ಕಾಣುತ್ತಿತ್ತು.

ನಾನು ನಕ್ಕದ್ದಕ್ಕೆ ವೆಲ್ಡರನಿಗೆ ನೋವಾಯಿತು. ಹಾಗಾಗಿ ಸ್ವಲ್ಪ ಮೆತ್ತಗಾಗಿ, ಎಲ್ಲರಿಗೂ ಹೇಳುವುದನ್ನೇ ಹೇಳಿದೆ. ಎಲ್ಲ ಕಾಗದಪತ್ರಗಳ ಫೋಟೋ ಮನೆಯವರ ಫೋನಿನಲ್ಲಿಯೂ ಇರಲಿ. ಪಾಸ್‌ಪೋರ್ಟ್ ನಂಬರನ್ನು ಹೆಂಡತಿಯ ಹೆಸರಿನ ಹಾಗೆ ಬಾಯಿಪಾಠ ಮಾಡು. ಓದಲು ಬಾರದ ಕಾಗದಕ್ಕೆ ಸಹಿ ಹಾಕಬೇಡ. ನಮ್ಮ ಹಾಗೆ ತಲೆ ಅಲ್ಲಾಡಿಸಬೇಡ, ಅವರಿಗೆ ಅದು ಹೌದೋ ಅಲ್ಲವೋ ತಿಳಿಯುವುದಿಲ್ಲ, ಬಾಯಿಬಿಟ್ಟು ಹೇಳು. ಬಾಯಾರುವ ಮೊದಲೇ ನೀರು ಕುಡಿ. ಅನ್ನ, ಸಾರು, ಮೀನು ಇವುಗಳ ಹೆಸರು ಕಲಿಯುವ ಮೊದಲು ನೋವುಗಳ ಹೆಸರು ಕಲಿ. ಉರಿ, ಸೆಳೆತ, ಜುಮ್ಮು, ಓಕರಿಕೆ, ಇವೆಲ್ಲ ಅವರ ಮಾತಿನಲ್ಲಿ ನಿನ್ನ ಬಾಯಲ್ಲಿರಲಿ.

ಅವನು ಎಲ್ಲವನ್ನೂ ಮೊಬೈಲಿನಲ್ಲಿ ಒತ್ತಿಕೊಳ್ಳುತ್ತಿದ್ದ. ಕೊನೆಗೆ ಹೇಳಿದೆ: “ಆ ದೇಶ ಬಿಟ್ಟ ಬರೂಮುಂದ ಕೌಂಟರಿನ್ಯಾಗ ಕೇಳಿದ್ದಕ್ಕಷ್ಟ ಉತ್ತರಾ ಕೊಡು. ಹೋಗಿ ಬರ್ತೇನಿ ಅಂತ ಮಾತ್ರ ಅನಬ್ಯಾಡ.”

ನಾನು ಚೇಷ್ಟೆ ಮಾಡುತ್ತಿದ್ದೇನೆಂದು ತಿಳಿದು ಅವನು ನಕ್ಕ. ನನಗೆ ಎಲ್ಲಿತ್ತೋ ಸಿಟ್ಟು. “ನಗತೀಯೇನು? ಎದ್ದ ಹೋಗು” ಎಂದುಬಿಟ್ಟೆ. ಪಾಪ, ಅವನು ಎದ್ದು ಹೋದ. ಆ ಒಂದು ಮಾತು ಆಡಿದ್ದಕ್ಕೆ ನಾನು ನನ್ನ ತಮ್ಮನ ಹಾಸಿಗೆಯ ಹತ್ತಿರ ಹೋಗಲಾಗಲಿಲ್ಲ ಎಂಬುದು ಅವನಿಗೆ ಹೇಗೆ ಗೊತ್ತಿರಬೇಕು? ಅವನಿಗೆ ಹೇಳಬೇಕಾಗಿದ್ದುದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಮ್ಮದು ಮಮದಾಪುರದ ಒಕ್ಕಲುತನದ ಮನೆ. ನಮ್ಮಲ್ಲಿ ಹೊಸ್ತಿಲು ದಾಟುವಾಗ ಯಾರೂ ‘ಹೋಗ್ತೇನಿ’ ಅನ್ನುವುದಿಲ್ಲ. ಹತ್ತು ಹೆಜ್ಜೆ ಆಚೆಯ ಗಿರಣಿಗೆ ಜೋಳ ಒಯ್ಯುವವರೂ ‘ಬರ್ತೇನಿ’ ಎಂದೇ ಇಳಿಯಬೇಕು. ನಾವು ಪಾಟೀಚೀಲ ಹಿಡಿದು ಸಾಲಿಗೆ ಓಡುವ ಗಡಿಬಿಡಿಯಲ್ಲಿ ಬಾಯಿತಪ್ಪಿ ‘ಹೋಗ್ತೇನಿ’ ಎಂದರೆ ಆಯಿ ಮರಳಿ ಒಳಗೆ ಕರೆದು, ಒಂದು ಗಳಿಗೆ ಕೂಡಿಸಿ, ಸರಿಯಾಗಿ ಹೇಳಿಸಿಯೇ ಕಳಿಸುತ್ತಿದ್ದಳು. ಹೋಗುವವರು ಬೇರೆ, ಅವರನ್ನು ನಾಲ್ಕು ಜನ ಹೊರುತ್ತಾರೆ. ಇದು ಎಲ್ಲ ಕನ್ನಡದವರ ಮನೆಯಲ್ಲೂ ಇರುವ ರೂಢಿಯೇ. ಆದರೆ ರೂಢಿ ನಾಲಿಗೆಯಲ್ಲಿ ಎಷ್ಟು ಆಳಕ್ಕೆ ಬೇರು ಬಿಟ್ಟಿರುತ್ತದೆ ಎಂಬುದು ಮನೆಯಲ್ಲಿದ್ದಾಗ ತಿಳಿಯುವುದಿಲ್ಲ.

ತಮ್ಮ ನನಗಿಂತ ಒಂಬತ್ತು ವರ್ಷ ಚಿಕ್ಕವನು. ಗೋಕಾಕದಲ್ಲಿ ಐ.ಟಿ.ಐ. ಮುಗಿಸಿ, ಅಲ್ಲೇ ಒಬ್ಬರ ಕೈಕೆಳಗೆ ಕೆಲಸಕ್ಕಿದ್ದ. ಅವನನ್ನು ಆ ದೇಶಕ್ಕೆ ಕರೆಸಿಕೊಂಡವನು ನಾನೇ. ನಮ್ಮ ಕಂಪನಿಗೆ ಜನ ಬೇಕಾಗಿತ್ತು, ಮೇಸ್ತ್ರಿಗೆ ಹೇಳಿದೆ, ಬಂದ. ಯಾರೂ ಒತ್ತಾಯ ಮಾಡಿರಲಿಲ್ಲ. ಅವನ ಲಗ್ನವಾಗಿ ಒಂದು ವರ್ಷ ಆಗಿತ್ತು, ಹೆಂಡತಿ ಹುಕ್ಕೇರಿಯವಳು. ಅವಳನ್ನು ಮಮದಾಪುರದಲ್ಲಿ ಬಿಟ್ಟು ಬಂದ ಮೊದಲ ತಿಂಗಳು ಮಂಕಾಗಿದ್ದ. ಆಮೇಲೆ ನೋಡಿದರೆ ನನ್ನನ್ನೇ ಹಿಂದೆ ಹಾಕಿದ. ಆರು ತಿಂಗಳಲ್ಲಿ ಅವನ ಹಿಂದಿ ನನ್ನ ಹಿಂದಿಗಿಂತ ಸಲೀಸಾಯಿತು. ಅಂಗಡಿಯವನ ಜೊತೆ ಅರಬಿಯಲ್ಲಿ ಚೌಕಾಸಿ ಮಾಡುತ್ತಿದ್ದ. ನಾನು ಹತ್ತು ವರ್ಷದಲ್ಲಿ ಕಲಿಯದ ಬೈಗುಳಗಳನ್ನು ಅವನು ಒಂದು ವರ್ಷದಲ್ಲಿ ಕಲಿತಿದ್ದ. ಮಾತು ಎಂದರೆ ಅವನಿಗೆ ಪ್ರಾಣ.

ಮಾಳಿಗೆಗಳನ್ನು ಹತ್ತಿ ಇಳಿದು ನನ್ನ ಮೊಣಕಾಲು ಹಣ್ಣಾದವು. ಸಾಕು, ಮೂಡಲಗಿಯಲ್ಲಿ ಅಂಗಡಿ ಹಾಕುತ್ತೇನೆ ಎಂದು ನಿರ್ಧಾರ ಮಾಡಿದೆ. ತಮ್ಮನಿಗೆ ಬಾಯಿಬಿಟ್ಟು ಹೇಳಿರಲಿಲ್ಲ, ಒಂದು ಸುದೀರ್ಘ ರಜೆ ಎಂದಷ್ಟೇ ಹೇಳಿದ್ದೆ. ಅವನನ್ನು ಕರೆಸಿಕೊಂಡು, ವರ್ಷ ತುಂಬಿ ಎರಡು ತಿಂಗಳಿಗೆ ನಾನೇ ಗಂಟು ಕಟ್ಟುತ್ತಿದ್ದೇನೆ ಎಂದು ಹೇಳಲು ನಾಚಿಕೆಯಾಗುತ್ತಿತ್ತು.

ಆ ದೇಶದಲ್ಲಿ ಕೆಲಸಕ್ಕಿದ್ದವನು ಹಾಗೇ ಸುಮ್ಮನೆ ಬ್ಯಾಗು ಎತ್ತಿಕೊಂಡು ಬರುವಂತಿಲ್ಲ. ಕಂಪನಿಯ ಕಚೇರಿಯಲ್ಲಿ ಹೊರಹೋಗುವ ಪರವಾನಗಿ ಪಡೆಯಬೇಕು. ಅದರಲ್ಲಿ ಎರಡು ಜಾತಿ. ಒಂದು ಕಾಯಂ ಆಗಿ ಬಿಟ್ಟು ಹೋಗುವುದಕ್ಕೆ. ಇನ್ನೊಂದು ಹೋಗಿ ಮರಳಿ ಬರುವುದಕ್ಕೆ. ಮೊದಲನೆಯದನ್ನು ಪಡೆದರೆ ಲೆಕ್ಕ ಚುಕ್ತಾ, ಮುಂದೆ ಯಾವಾಗ ಬೇಕಾದರೂ ಹೊಸದಾಗಿ ಹೋಗಬಹುದು. ಎರಡನೆಯದನ್ನು ಪಡೆದು ಮರಳಿ ಹೋಗದಿದ್ದರೆ ಕೆಲವು ವರ್ಷ ಆ ದೇಶದ ಬಾಗಿಲು ಬಂದ್. ಇದೆಲ್ಲ ನನಗೆ ಗೊತ್ತಿತ್ತು. ಗೊತ್ತಿರಲಿಲ್ಲ ಎಂದು ಹೇಳಿದರೆ ಸುಳ್ಳಾದೀತು.

ಬೆಳಿಗ್ಗೆಯಿಂದ ‘ಫೈನಲ್’ ಎಂಬ ಒಂದು ಶಬ್ದವನ್ನು ಬಾಯಲ್ಲಿ ಉರುಹೊಡೆಯುತ್ತ ಆ ಕಚೇರಿಗೆ ಹೋದೆ. ತಮ್ಮನೂ ಬಂದಿದ್ದ, ಅವನ ಗುರುತಿನ ಚೀಟಿಯ ಕೆಲಸವಿತ್ತು. ಗಾಜಿನ ಹಿಂದೆ ಕೂತ ಕಾರಕೂನ ಹಿಂದಿ ಬಲ್ಲವನು. ತಲೆ ಎತ್ತದೆ ಕೇಳಿದ: “ಫೈನಲ್ ಹೈ, ಯಾ ವಾಪಸ್ ಆನಾ ಹೈ?”

ನಾನು ಬಾಯಿ ತೆರೆದೆ. ತಮ್ಮ ನನ್ನ ಬ್ಯಾಗನ್ನು ಎದೆಗೆ ಆನಿಸಿಕೊಂಡು ಪಕ್ಕದಲ್ಲೇ ನಿಂತು ನನ್ನ ಮುಖ ನೋಡುತ್ತಿದ್ದ. ಅಲ್ಲಿಯೇ ಉಳಿಯುವವನ ಎದುರಿಗೆ ನಿಂತು, ಮುಗಿಯಿತು, ಹೋಗ್ತೇನಿ ಎಂದು ಹೇಗೆ ಹೇಳಲಿ? ನನ್ನ ನಾಲಿಗೆ ಏಳಲಿಲ್ಲ.

“ಜಾಕೆ ಆತಾ ಹೂಂ” ಎಂದೆ. ಹೋಗಿ ಬರ್ತೇನಿ.

ಕಾರಕೂನ ಠಪ್ಪೆಂದು ಸಿಕ್ಕಾ ಒತ್ತಿದ. ಅವನ ತಪ್ಪೇನೂ ಇರಲಿಲ್ಲ, ಕೇಳಿದ್ದಕ್ಕೆ ಸಿಕ್ಕ ಉತ್ತರವನ್ನೇ ಒತ್ತಿದ. ಇಷ್ಟು ವರ್ಷವಾದರೂ ಅವನನ್ನು ಬೈಯಲು ಒಂದು ಕಾರಣ ಹುಡುಕುತ್ತಿದ್ದೇನೆ, ಸಿಕ್ಕಿಲ್ಲ.

ಮೆಟ್ಟಿಲು ಇಳಿಯುವಾಗ ತಮ್ಮ ಕೇಳಿದ: “ಅಂದ್ರ ಬರ್ತಿ ಹೌದಲ್ಲೋ ಅಣ್ಣಾ?”

“ಬರದ ಏನ ಮಾಡ್ಲಿ? ನೀ ಇಲ್ಲೆ ಅದೀಯಲ್ಲ” ಎಂದೆ.

ಅವನು ಖುಷಿಯಿಂದ ಬ್ಯಾಗನ್ನು ಹೆಗಲಿಗೆ ಏರಿಸಿಕೊಂಡ. ಊರಿಗೆ ಬಂದು ಮೂರು ತಿಂಗಳಿಗೆ ಅಂಗಡಿ ಹಾಕಿದೆ. ಕಂಪನಿಗೆ ಫೋನ್ ಮಾಡಿ ಬರುವುದಿಲ್ಲ ಎಂದು ತಿಳಿಸಿದೆ, ಅವರು ಸರಿ ಎಂದರು. ತಮ್ಮ ಎರಡು ದಿನ ಮುನಿಸಿಕೊಂಡು ಆಮೇಲೆ ತಾನೇ ಫೋನ್ ಮಾಡಿದ. ಎಲ್ಲ ಅಲ್ಲಿಗೆ ಮುಗಿಯಿತು ಎಂದುಕೊಂಡೆ.

ಎರಡು ವರ್ಷವೂ ಆಗಿರಲಿಲ್ಲ. ಒಂದು ಮುಂಜಾನೆ ಅವನ ಕೋಣೆಯ ಜೊತೆಗಾರನ ಫೋನ್ ಬಂತು. ಮೂರನೇ ಮಾಳಿಗೆಯ ಹೊರಗೋಡೆಗೆ ಎ.ಸಿ. ಕೂಡಿಸುವಾಗ ಬ್ರ್ಯಾಕೆಟ್ ಕಿತ್ತು ತಮ್ಮ ಕೆಳಗೆ ಬಿದ್ದಿದ್ದ. ಬಲಗಡೆಯ ಟೊಂಕದ ಎಲುಬು ಮುರಿದಿತ್ತು, ತಲೆಗೆ ಪೆಟ್ಟಾಗಿತ್ತು, ಎಚ್ಚರವಿರಲಿಲ್ಲ.

ನನ್ನ ಪಾಸ್‌ಪೋರ್ಟ್ ಕಪಾಟಿನಲ್ಲೇ ಇತ್ತು. ಆ ಊರು ನನಗೆ ಅಂಗೈ ಗೆರೆಯಷ್ಟು ಗೊತ್ತು. ಆ ದವಾಖಾನೆಯೂ ಗೊತ್ತು, ಅದರ ಎ.ಸಿ. ಯಂತ್ರಗಳನ್ನು ನಾನೇ ಎಷ್ಟೋ ಸಲ ಬಿಚ್ಚಿ ಜೋಡಿಸಿದ್ದೆ. ಇನ್ನೇನು ಬೇಕು, ನಾಳೆಯೋ ನಾಡಿದ್ದೋ ಹೊರಡುವುದೇ ಎಂದು ಅಂಗಿ ಮಡಚಿ ಇಟ್ಟೆ. ತಮ್ಮನ ಹೆಂಡತಿ ಆಗ ತವರಿನಲ್ಲಿದ್ದಳು. ಟಿಕೀಟು, ವೀಸಾ ಮಾಡಿಸುವ ಒಬ್ಬ ಏಜೆಂಟ ಹುಕ್ಕೇರಿಯಲ್ಲಿ ಅವಳ ಮನೆಯವರಿಗೆ ಪರಿಚಯವಿದ್ದ. ಘಟಪ್ರಭಾದಲ್ಲಿ ಬಸ್ಸು ಬದಲಿಸಿ ಹುಕ್ಕೇರಿಗೆ ಹೋದೆ.

ಏಜೆಂಟ ನನ್ನ ನಂಬರು ಹಾಕಿ ಅರ್ಜಿ ಕಳಿಸಿದ. ಎರಡು ದಿನಕ್ಕೆ ಬರ್ರಿ ಎಂದ. ಹೋದಾಗ ಪರದೆಯನ್ನು ನನ್ನ ಕಡೆ ತಿರುಗಿಸಿದ.

“ಅಣ್ಣಾರ, ನೀವು ಹೊಳ್ಳಿ ಬರ್ತೇನಿ ಅಂತ ಹೇಳಿ ಬಂದೀರಿ. ಹೊಳ್ಳಿ ಹೋಗಿಲ್ಲ. ಅದಕ್ಕ ನಿಮ್ಮನ್ನ ಬಂದ್ ಮಾಡ್ಯಾರ.”

“ಎಷ್ಟ ದಿನಾ?”

“ದಿನಾ ಅಲ್ರಿ. ಇನ್ನೂ ವರ್ಷದ ಮ್ಯಾಲ ಐತಿ.”

“ನನ್ನ ತಮ್ಮ ದವಾಖಾನ್ಯಾಗ ಬಿದ್ದಾನೋ!”

“ನನಗ ಗೊತ್ತೈತ್ರಿ. ಕಂಪ್ಯೂಟರಿಗೆ ತಮ್ಮ ಅಣ್ಣ ಗೊತ್ತಾಗೂದಿಲ್ರಿ.”

ನಾನು ಅವನ ಟೇಬಲ್ ಗುದ್ದಿದೆ. ಬಾಯಿಗೆ ಬಂದದ್ದೆಲ್ಲ ಬೈದೆ. ಅವನು ಎದ್ದು ಹೊರಗೆ ಹೋಗಿ ನನಗೆ ಚಹಾ ಹೇಳಿ ಬಂದ. ಅವನು ತಿರುಗಿ ಬೈದಿದ್ದರೆ ಒಳ್ಳೆಯದಿತ್ತು. ಕಂಪನಿಗೆ ಬರೆದೆ, ಅಲ್ಲಿನ ನಮ್ಮ ದೂತಾವಾಸಕ್ಕೆ ಬರೆಸಿದೆ. ಎಲ್ಲರೂ ಸಮಾಧಾನ ಹೇಳಿದರು, ನಿಯಮ ತಮ್ಮ ಕೈಯಲ್ಲಿಲ್ಲ ಎಂದರು.

“ನಾ ಹೋಗ್ತೇನ್ರಿ ಭಾವಾರ. ನನಗ ಪಾಸ್‌ಪೋರ್ಟ್ ಮಾಡಸ್ರಿ” ಎಂದಳು ತಮ್ಮನ ಹೆಂಡತಿ. ಬೆಳಗಾವಿಯನ್ನು ಎರಡು ಸಲ ನೋಡಿದವಳು, ಕನ್ನಡ ಬಿಟ್ಟು ಬೇರೆ ಮಾತು ಬಾರದವಳು. ಅರ್ಜಿ ಹಾಕಿಸಿದೆವು. ಆಧಾರಿನಲ್ಲಿ ತವರಿನ ಅಡ್ಡಹೆಸರು, ರೇಷನ್ ಕಾರ್ಡಿನಲ್ಲಿ ನಮ್ಮ ಅಡ್ಡಹೆಸರು. ಅದನ್ನು ಸರಿಮಾಡಿಸಲು ಗೋಕಾಕಕ್ಕೆ ಅಲೆದದ್ದೇ ಅಲೆದದ್ದು. ಅಲ್ಲಿ ತಮ್ಮ ಒಬ್ಬನೇ ಬಿದ್ದಿದ್ದ.

ಎರಡು ವಾರಕ್ಕೆ ಅವನಿಗೆ ಎಚ್ಚರವಾಯಿತು. ಎಚ್ಚರವಾದವನ ಬಾಯಲ್ಲಿ ಹಿಂದಿ ಇರಲಿಲ್ಲ. ಅರಬಿಯೂ ಇರಲಿಲ್ಲ. ತಲೆಯ ಪೆಟ್ಟಿಗೆ ಹಾಗಾಗುವುದುಂಟು, ಆಮೇಲೆ ಕಲಿತದ್ದು ಅಳಿಸಿ ಮನೆಯಲ್ಲಿ ಕಲಿತದ್ದಷ್ಟೇ ಉಳಿಯುತ್ತದೆ ಎಂದರಂತೆ ಡಾಕ್ಟರು. ಮೂರು ಭಾಷೆಯಲ್ಲಿ ಚೌಕಾಸಿ ಮಾಡುತ್ತಿದ್ದವನಿಗೆ ಈಗ ಮಮದಾಪುರದ ಕನ್ನಡ ಮಾತ್ರ ಉಳಿದಿತ್ತು. ಆ ವಾರ್ಡಿನಲ್ಲಿ ಅದನ್ನು ತಿಳಿಯುವ ಒಂದು ನರಪಿಳ್ಳೆಯೂ ಇರಲಿಲ್ಲ. ದಿನವೆಲ್ಲ ಏನೋ ಒಂದೇ ಮಾತು ಕೂಗುತ್ತಾನೆ, ಯಾರಿಗೂ ಅರ್ಥವಾಗುವುದಿಲ್ಲ ಎಂದು ಕೋಣೆಯ ಜೊತೆಗಾರ ಹೇಳಿದ.

ಆ ಊರಿನಲ್ಲಿ ನನಗೆ ಗೊತ್ತಿದ್ದ ಕನ್ನಡದವರು ಒಬ್ಬರೇ, ಕರಾವಳಿ ಕಡೆಯವರು, ವ್ಯಾನ್ ಓಡಿಸುತ್ತಿದ್ದರು. ಕೈಮುಗಿದು ಕೇಳಿಕೊಂಡೆ. ಒಳ್ಳೆಯ ಮನುಷ್ಯ, ತಮ್ಮ ರಜೆಯ ದಿನ ಬಿಟ್ಟುಕೊಟ್ಟು ಹೋದರು. ವಾರ್ಡಿನಿಂದಲೇ ಫೋನ್ ಮಾಡಿದರು.

“ಮಾರಾಯ್ರೆ, ಅವರು ‘ಹೊಳ್ಳ ಸರ್, ಹೊಳ್ಳ ಸರ್’ ಅಂತ ಕರೀತಾ ಇದ್ದಾರೆ. ಯಾವ ಹೊಳ್ಳರು? ಇಲ್ಲಿ ನನಗೆ ಗೊತ್ತಿರುವ ಹೊಳ್ಳರು ಅಂದ್ರೆ ಹೋಟೆಲಿನವರು ಒಬ್ಬರೇ. ಅವರಿಗೆ ಫೋನ್ ಮಾಡ್ಬೇಕಾ?”

ಒಂದು ಕ್ಷಣ ನನಗೂ ತಿಳಿಯಲಿಲ್ಲ. ಆಮೇಲೆ ತಿಳಿಯಿತು. ‘ಹೊಳ್ಳಸ್ರಿ’. ನಮ್ಮ ಕಡೆ ಹೊಳ್ಳುವುದೆಂದರೆ ತಿರುಗುವುದು. ನನ್ನನ್ನು ಹೊರಳಿಸಿ ಮಲಗಿಸಿರಿ ಎಂದು ತಮ್ಮ ಬೇಡಿಕೊಳ್ಳುತ್ತಿದ್ದ. ಮುರಿದ ಬಲಮಗ್ಗುಲಿನ ಕಡೆಗೇ ಅವನ ಭಾರವೆಲ್ಲ ಬೀಳುತ್ತಿತ್ತು. ಬೇರೆ ಹೊತ್ತಾಗಿದ್ದರೆ ನಾವಿಬ್ಬರೂ ಆ ‘ಹೊಳ್ಳ ಸರ್’ ಮಾತನ್ನು ಹೇಳಿಕೊಂಡು ವರ್ಷಗಟ್ಟಲೆ ನಗುತ್ತಿದ್ದೆವು. ಆವತ್ತು ಅಂಗಡಿಯ ಹಿಂದಿನ ಕೋಣೆಗೆ ಹೋಗಿ ಬಾಯಿಗೆ ಟಾವೆಲ್ ಒತ್ತಿಕೊಂಡು ಅತ್ತೆ.

ಅಂದಿನಿಂದ ಹೊಸ ವ್ಯವಸ್ಥೆಯಾಯಿತು. ಆ ವಾರ್ಡಿನಲ್ಲಿ ಫಿಲಿಪೈನ್ಸ್ ಕಡೆಯ ಒಬ್ಬ ನರ್ಸ್ ಇದ್ದಳು. ಅವಳು ಮುಂಜಾನೆ ಒಮ್ಮೆ, ಮಧ್ಯಾಹ್ನ ಒಮ್ಮೆ ತಮ್ಮನ ಫೋನಿನಿಂದಲೇ ನನಗೆ ಕರೆ ಮಾಡಿ, ಫೋನನ್ನು ಅವನ ದಿಂಬಿನ ಮೇಲಿಡುತ್ತಿದ್ದಳು. ಅವನು ಹೇಳಿದ್ದನ್ನು ನಾನು ನನ್ನ ಒಡಕು ಇಂಗ್ಲಿಷಿನಲ್ಲಿ ಅವಳಿಗೆ ಹೇಳಬೇಕು. ಕಬ್ಬಿನ ಸುಗ್ಗಿಯ ದಿನಗಳು. ಟ್ರ್ಯಾಕ್ಟರುಗಳು ಹಾಡು ಹಚ್ಚಿಕೊಂಡು ಅಂಗಡಿಯ ಮುಂದೆ ಸಾಲಾಗಿ ಹೋಗುತ್ತಿದ್ದವು. ನಾನು ಹಿಂದಿನ ಕೋಣೆಯಲ್ಲಿ ಹಳೇ ಫ್ರಿಜ್ಜುಗಳ ಸಂದಿನಲ್ಲಿ ಕೂತು, ಒಂದು ಕಿವಿ ಮುಚ್ಚಿಕೊಂಡು, ನನ್ನ ತಮ್ಮನ ನೋವನ್ನು ಬೇರೆಯ ಭಾಷೆಗೆ ತಿರುಗಿಸುತ್ತಿದ್ದೆ.

ಅದು ಎಷ್ಟು ಕಷ್ಟವೆಂದು ಮಾಡಿದವರಿಗೇ ಗೊತ್ತು. ಒಂದು ದಿನ ಅವನು “ಹೊಟ್ಟಿ ತೊಳಸಾಕತ್ತೈತಿ” ಎಂದ. ಅದಕ್ಕೆ ಇಂಗ್ಲಿಷಿನಲ್ಲಿ ಏನನ್ನುತ್ತಾರೋ ನನಗೆ ಗೊತ್ತಿರಲಿಲ್ಲ. ‘ಸ್ಟಮಕ್ ವಾಶಿಂಗ್’ ಎಂದೆ. ನರ್ಸ್ ಗಾಬರಿಯಾಗಿ, ಅವನು ಏನಾದರೂ ನುಂಗಿದ್ದಾನೆಯೇ ಎಂದು ಕೇಳಿದಳು. ಇನ್ನೊಂದು ದಿನ ಕಾಲು ಜುಮ್ಮು ಹಿಡಿದಿದೆ ಎಂದ. ಅದನ್ನು ತಿಳಿಸಲು ನನಗೆ ಕಾಲು ಗಂಟೆ ಹಿಡಿಯಿತು. ಹನ್ನೊಂದು ವರ್ಷ ಅಲ್ಲಿದ್ದು ನಾನು ಕಲಿತದ್ದೇನು? ಪೈಪು, ಫ್ಯಾನು, ಗ್ಯಾಸು. ಯಂತ್ರಕ್ಕೆ ಏನಾಗಿದೆ ಎಂದು ಹೇಳಲು ಬರುತ್ತಿತ್ತು, ಮನುಷ್ಯನಿಗೆ ಏನಾಗಿದೆ ಎಂದು ಹೇಳಲು ಬರುತ್ತಿರಲಿಲ್ಲ. ನನ್ನ ಮೇಲೆ ನನಗೇ ಹೇಸಿಗೆಯಾಯಿತು.

ನಾಲ್ಕೈದು ದಿನವಾಗಿರಬೇಕು. ಒಂದು ಮಧ್ಯಾಹ್ನ ತಮ್ಮ ಕೇಳಿದ: “ಅಣ್ಣಾ, ದನಿ ಇಷ್ಟ ಸಮೀಪ ಐತಲ್ಲ. ಎಲ್ಲಿ ಅದೀ?”

ನಾನು ಯೋಚನೆ ಮಾಡಲಿಲ್ಲ. “ಇಲ್ಲೇ ಅದೀನೋ ತಮ್ಮಾ. ಹೊರಗ. ಒಳಗ ಬಿಡವಲ್ರು” ಎಂದೆ.

“ಯಾವಾಗ ಬಂದಿ?”

“ನೀ ಮಲಗಿದ್ದಿ. ಆಗ ಬಂದೆ.”

ಅವನು ನಿರುಮ್ಮಳವಾಗಿ ಉಸಿರು ಬಿಟ್ಟದ್ದು ಫೋನಿನಲ್ಲಿ ಕೇಳಿಸಿತು. ಆ ದಿನ ಗಂಜಿ ಪೂರ್ತಿ ಕುಡಿದ ಎಂದು ನರ್ಸ್ ಸಂತೋಷದಿಂದ ಹೇಳಿದಳು. ಅಲ್ಲಿಂದ ಮುಂದೆ ಪ್ರತಿ ಸಲ ಮೊದಲ ಮಾತು ಅದೇ. “ಹೊರಗ ಅದೀಯಲ್ಲ?” “ಅದೀನಿ.” ಸುಳ್ಳಿಗೆ ಬಲ ಬರಲೆಂದು ಆ ಕಟ್ಟಡವನ್ನು ವರ್ಣಿಸುತ್ತಿದ್ದೆ. ಬಾಗಿಲ ಎಡಕ್ಕೆ ಒಂದು ಕಲ್ಲಿನ ಕಟ್ಟೆ ಇದೆ, ಅದರ ಮೇಲೆ ಕೂತಿದ್ದೇನೆ, ಬಿಸಿಲು ಬಹಳ, ನಿನ್ನ ವಾರ್ಡಿನ ಎ.ಸಿ. ಮಾತ್ರ ಚೆನ್ನಾಗಿ ಓಡುತ್ತಿದೆ. ಎಲ್ಲ ಖರೆಯೇ ಇತ್ತು, ನಾನು ಅಲ್ಲಿದ್ದೇನೆ ಎಂಬುದನ್ನು ಬಿಟ್ಟು.

ಅವನ ಹೆಂಡತಿ ಒಂದೆರಡು ಸಲ ಅಂಗಡಿಗೆ ಬಂದು ಅವನ ಜೊತೆ ಮಾತಾಡಿದಳು. ಎಮ್ಮೆ ಈಯಿತೇ ಎಂದು ಕೇಳಿದನಂತೆ. ನನ್ನ ಸುಳ್ಳನ್ನು ಅವಳೂ ಕೇಳಿಸಿಕೊಂಡಳು. ತಲೆ ತಗ್ಗಿಸಿ ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಕೂತಿದ್ದಳು.

ಆಮೇಲೆ ನಂಜೇರಿತು. ಜ್ವರ ಬಂತು, ಇಳಿಯಲಿಲ್ಲ. ನಲವತ್ತೊಂದನೆಯ ದಿನ ತಮ್ಮ ತೀರಿಕೊಂಡ. ದೇಹ ಊರಿಗೆ ಬರಲು ಮತ್ತಷ್ಟು ದಿನ ಹಿಡಿಯಿತು. ಮಮದಾಪುರದ ನಮ್ಮ ಹೊಲದಲ್ಲಿ ಮಣ್ಣು ಮಾಡಿದೆವು. ಮುಂದಿನ ಕಾರ್ಯಗಳೆಲ್ಲ ಮುಗಿದ ಮರುದಿನ ಅಂಚೆಯವನು ಬಂದು ಅವನ ಹೆಂಡತಿಯ ಸಹಿ ಪಡೆದು ಒಂದು ಲಕೋಟೆ ಕೊಟ್ಟ. ಅವಳ ಪಾಸ್‌ಪೋರ್ಟ್. ಅವಳು ಅದನ್ನು ಬಿಚ್ಚಿ, ತನ್ನ ಫೋಟೋ ನೋಡಿ, ಟ್ರಂಕಿನಲ್ಲಿ ಹಾಕಿದಳು.

ಸಂಜೆ ನನಗೆ ರೊಟ್ಟಿ ಬಡಿಸುತ್ತ ಹೇಳಿದಳು: “ನೀವು ಹಂಗ ಹೇಳಿದ್ದ ಛಲೋ ಆತ್ರಿ ಭಾವಾರ. ಅಣ್ಣ ಹೊರಗ ಅದಾನ ಅಂತ ಅವರು ನಿಶ್ಚಿಂತಿಂದ ಇದ್ರು. ನೆಮ್ಮದೀಲೆ ಹ್ವಾದ್ರು.”

ನಾನು ಹ್ಞೂಂ ಎಂದೆ. ಅವಳು ಈಗಲೂ ಹಾಗೆಯೇ ನಂಬಿದ್ದಾಳೆ. ಹಬ್ಬಕ್ಕೆ ಹೋದಾಗ ಯಾರಾದರೂ ತಮ್ಮನ ಮಾತು ತೆಗೆದರೆ ಅದೊಂದನ್ನು ತಪ್ಪದೆ ಹೇಳುತ್ತಾಳೆ. ನೆಮ್ಮದಿಯಿಂದ ಹೋದರು. ಅದರ ಮೇಲೆಯೇ ಅವಳ ದಿನಗಳು ನಡೆದಿವೆ. ಹೀಗಾಗಿ ಕೊನೆಯ ಫೋನಿನ ಸಂಗತಿಯನ್ನು ನಾನು ಅವಳಿಗೆ ಹೇಳಿಲ್ಲ. ಯಾರಿಗೂ ಹೇಳಿಲ್ಲ. ಅವಳು ಓದುವವಳಲ್ಲ, ಆ ಧೈರ್ಯದ ಮೇಲೆ ಬರೆಯುತ್ತಿದ್ದೇನೆ.

ಅದು ಅವನು ತೀರಿಕೊಳ್ಳುವ ಹಿಂದಿನ ದಿನ, ಮಧ್ಯಾಹ್ನ. ನರ್ಸ್ ಕರೆ ಮಾಡಿದಳು. ಬೆಳಿಗ್ಗೆಯಿಂದ ನನ್ನ ಕೈ ಹಿಡಿದುಕೊಂಡು ಏನೋ ಕೇಳುತ್ತಿದ್ದಾನೆ, ಬಿಡುತ್ತಿಲ್ಲ, ಏನೆಂದು ಕೇಳಿ ಹೇಳು ಎಂದಳು. ಫೋನನ್ನು ದಿಂಬಿನ ಮೇಲೆ ಇಟ್ಟಳು. ನಾನು “ತಮ್ಮಾ” ಎಂದೆ. ಅವನಿಗೆ ಕೇಳಿಸಲಿಲ್ಲವೋ, ಕೇಳಿಸಿದರೂ ನನ್ನ ಜೊತೆ ಮಾತು ಬೇಡವಾಗಿತ್ತೋ. ಅವನು ಅವಳ ಜೊತೆಯೇ ಮಾತಾಡುತ್ತಿದ್ದ. ದನಿ ಸೋತುಹೋಗಿತ್ತು, ಆದರೆ ಒಂದೊಂದು ಅಕ್ಷರವೂ ತಿಳಿಯುತ್ತಿತ್ತು.

“ಅಕ್ಕಾರ, ನಮ್ಮಣ್ಣನ್ನ ಒಳಗ ಬಿಡ್ರಿ. ನಿಮ್ಮ ಕಾಲ ಬೀಳ್ತೇನ್ರಿ. ಭಾಳ ದಿನಾತು, ಬಿಸಲಾಗ ನಿಂತಾನ. ಒಮ್ಮೆ ಒಳಗ ಬಿಡ್ರಿ.”

ಅದನ್ನೇ ಮತ್ತೆ ಹೇಳಿದ. ಮತ್ತೆ ಹೇಳಿದ. ನರ್ಸ್ ಫೋನ್ ಎತ್ತಿಕೊಂಡು, ಏನು ಕೇಳುತ್ತಿದ್ದಾನೆ ಎಂದಳು. ಆಕೆ ಕರುಣೆಯುಳ್ಳವಳು. ಇದ್ದದ್ದನ್ನು ಹೇಳಿದರೆ ನಿಜವಾಗಿಯೂ ಹೊರಗೆ ಹೋಗಿ ಹುಡುಕುತ್ತಿದ್ದಳು. ಯಾರೂ ಇಲ್ಲವೆಂದು ಬಂದು ನಿಲ್ಲುತ್ತಿದ್ದಳು, ತಮ್ಮ ಅವಳ ಮುಖ ನೋಡುತ್ತಿದ್ದ.

“ನೀರು ಕೇಳುತ್ತಿದ್ದಾನೆ” ಎಂದೆ.

ಅವಳು ಕುಡಿಸಿದಳು. ಎರಡು ಗುಟುಕು ಇಳಿದ ಸದ್ದು ಕೇಳಿಸಿತು. ಆಮೇಲೆ ತಮ್ಮ ಮತ್ತೆ ಅದೇ ಮಾತು ಹೇಳಿದ.

ಈಗೇನು, ಮತ್ತೆ ನೀರೇ ಎಂದು ಕೇಳಿದಳು ಅವಳು.

ಹೌದು, ನೀರೇ ಎಂದೆ.